ಇವತ್ತು ಅಜ್ಜಿಗೆ ಚಳಿ

ಇವತ್ತು ಅಜ್ಜಿಗೆ ಚಳಿ.

ಗಾಬರಿಯಾಗಬೇಡಿ. ನಮ್ಮಜ್ಜಿ ತೀರಿಕೊಂಡಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ. ಈಗ ನಾನೇ ಅಜ್ಜಿಯಾಗಿ ಮೂಲೆ ಹಿಡಿಯುವ ಕಾಲ ಬಂದಿದೆ. ಆದರೂ ಕತೆಯಾಗಲಿ, ಪತ್ರಿಕೆಗೊಂದು ಬರಹವಾಗಲಿ, ನಾನು ಏನೇ ಬರೆಯಲು ಕೂತರೂ ಮೊದಲು ಹಾಳೆಯ ಮೇಲೆ ಈ ಸಾಲು ಬೀಳುತ್ತದೆ. ಮುಂದಿನದು ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಬಂದರೆ, ಕಳಿಸುವ ಮುಂಚೆ ಮೊದಲ ಸಾಲನ್ನು ಹೊಡೆದುಹಾಕುತ್ತೇನೆ. ಒಮ್ಮೆ ಮರೆತು ಹಾಗೇ ಕಳಿಸಿಬಿಟ್ಟೆ. ಅದು ಹುಣಿಸೆ ತೊಕ್ಕಿನ ಬಗ್ಗೆ ಬರೆದದ್ದು. ಸಂಪಾದಕರು ಸಜ್ಜನರು, ಬರಹ ಸ್ವೀಕಾರವಾಗಿದೆ, ಅಜ್ಜಿಯ ಆರೋಗ್ಯ ಈಗ ಹೇಗಿದೆ ಎಂದು ಕಾರ್ಡು ಹಾಕಿದ್ದರು. ಸುಧಾರಿಸಿದ್ದಾರೆ ಎಂದು ಉತ್ತರ ಬರೆದೆ. ಇನ್ನೇನು ಬರೆಯಲಿ.

ಇನ್ನೊಂದು ಚಟವೂ ಇದೆ. ನಾನು ದಿನ ಬಿಟ್ಟು ದಿನ ಬರೆಯುತ್ತೇನೆ. ಬರೆಯುವ ದಿನ ಮನೆಗೆ ನೆಂಟರು ಬರಲಿ, ಸೊಂಟ ಹಿಡಿದುಕೊಳ್ಳಲಿ, ಬರೆಯುತ್ತೇನೆ. ಬಿಡುವ ದಿನ ತಲೆಯೊಳಗೆ ಎಂಥ ಹೊಳಹು ಬಂದು ಕೂತರೂ ಲೇಖನಿ ಮುಟ್ಟುವುದಿಲ್ಲ, ಹೊರಗೆ ಜಗಲಿಯ ಮೇಲೆ ಕೂತಿರು ಎಂದು ಅದಕ್ಕೆ ಹೇಳುತ್ತೇನೆ. ಪಕ್ಕದ ಮನೆಯ ಕಾಲೇಜು ಹುಡುಗಿ ಆಗಾಗ ಬಂದು, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ ಎಂದು ಕೇಳುತ್ತಾಳೆ. ಪಾಪ, ಅವಳು ಗುಲಾಬಿ ಹೂವು, ಬೆಳದಿಂಗಳು ಇಂಥದೇನನ್ನೋ ನಿರೀಕ್ಷಿಸುತ್ತಾಳೆ. ಮಲೇರಿಯಾ ಜ್ವರದಿಂದ ಬಂತು ಎಂದು ಹೇಳಿದರೆ ಆ ಹುಡುಗಿ ಮತ್ತೆ ನಮ್ಮ ಮನೆಗೆ ಬರಲಿಕ್ಕಿಲ್ಲ.

ಆದರೆ ಈ ಹೊತ್ತು ಸೊಸೆ ಅಟ್ಟ ಗುಡಿಸುತ್ತಾ ಒಂದು ಸೀಸೆಯನ್ನು ಹಳೇ ಸಾಮಾನಿನವನಿಗೆ ಹಾಕಲು ತೆಗೆದಿಟ್ಟಿದ್ದಳು. ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಸೀಸೆ. ಹಿಂದೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿಕ್ಸ್ಚರ್ ಹಾಕಿ ಕೊಡುತ್ತಿದ್ದದ್ದು. ವಯಸ್ಸಾದವರಿಗೆ ನೆನಪಿರಬಹುದು, ಕಂಪೌಂಡರು ಒಂದು ಕಾಗದದ ಪಟ್ಟಿಯನ್ನು ಮಡಿಸಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಬಿಡಿಸಿ ಸೀಸೆಯ ಮಗ್ಗುಲಿಗೆ ಅಂಟಿಸುತ್ತಿದ್ದರು. ಕಚ್ಚಿನಿಂದ ಕಚ್ಚಿಗೆ ಒಂದು ಡೋಸು. ಈ ಸೀಸೆಯ ಕಾಗದ ಎಂದೋ ಉದುರಿ ಗೋಂದಿನ ಕಲೆ ಉಳಿದಿದೆ. ತಳದಲ್ಲಿ ನೀಲಿ ಮಸಿ ಒಣಗಿ ಕಚ್ಚಿಕೊಂಡಿದೆ. ಸೊಸೆಯ ಕೈಯಿಂದ ಅದನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಅವಳು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದಳು. ಅವಳಿಗೆ ಹೇಳಬೇಕಾದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಅದು ನಮ್ಮಣ್ಣನ ಮಸಿ ಬಾಟಲಿ.

ನಮ್ಮಣ್ಣ ಸಿದ್ದರಾಜು ದೊಡ್ಡ ಬರಹಗಾರ ಎಂದು ನಮ್ಮೂರಿಗೆಲ್ಲ ಗೊತ್ತಿತ್ತು. ಅವನು ಏನೂ ಬರೆದಿಲ್ಲ ಎಂಬುದೂ ಗೊತ್ತಿತ್ತು. ಅದರಿಂದ ಅವನ ಮರ್ಯಾದೆಗೇನೂ ಕಮ್ಮಿಯಾಗಿರಲಿಲ್ಲ. ಕೆರಗೋಡಿನ ಮಗ್ಗುಲಲ್ಲಿ ನಮ್ಮ ಹಳ್ಳಿ. ಮನೆಯಲ್ಲಿ ಬೇಸಾಯಗಾರ ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಅಣ್ಣ, ನಾನು. ಅವ್ವ ನಾನು ಹೊಸಿಲು ದಾಟಲು ಕಲಿಯುವ ಮುಂಚೆಯೇ ಹೋಗಿಬಿಟ್ಟಿದ್ದಳು. ಅವಳ ಮುಖ ನನಗೆ ಗೊತ್ತಿಲ್ಲ. ಅಣ್ಣನಿಗೆ ಗೊತ್ತಿತ್ತು. ಅವ್ವ ಹೇಗಿದ್ದಳು ಎಂದು ನಾನು ಕೇಳಿದಾಗೆಲ್ಲ, ಸುಮ್ಮನೆ ಬಾಯಲ್ಲಿ ಹೇಳಿ ಕೆಡಿಸುವುದಿಲ್ಲ, ಒಂದು ದಿನ ಚೆನ್ನಾಗಿ ಬರೆದುಕೊಡುತ್ತೇನೆ, ನೀನೇ ಓದಿಕೊ ಎನ್ನುತ್ತಿದ್ದ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ನಾನು ಹಟ ಹಿಡಿದು ಓದಿದ್ದೇ ಅದಕ್ಕಾಗಿ.

ಆದರೆ ಅಣ್ಣನಿಗೆ ಸ್ಫೂರ್ತಿ ಬರಬೇಕಲ್ಲ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ಓದಿ, ಪಾಸು ಮಾಡದೆ ವಾಪಸು ಬಂದಿದ್ದ ಅವನು ಅಲ್ಲಿಂದ ತಂದದ್ದು ಒಂದು ಫೌಂಟನ್ ಪೆನ್ನು ಮತ್ತು ಈ ಮಾತು. ದಿನಾ ಬೆಳಿಗ್ಗೆ ಮಿಂದು, ತಲೆ ಬಾಚಿ, ಜಗಲಿಯ ಮೇಲೆ ಹಾಳೆ ಹರಡಿಕೊಂಡು ರಸ್ತೆ ನೋಡುತ್ತಿದ್ದ. ಅಜ್ಜಿ ರಾಗಿ ಕೇರುತ್ತಾ, ಅದು ಯಾವ ಬಸ್ಸಿಗೆ ಬರುತ್ತದೆ, ಕೆರಗೋಡಿನಲ್ಲಿ ಇಳಿಯುತ್ತದೋ ಇಲ್ಲಿಗೇ ಬರುತ್ತದೋ ಎಂದು ಕೇಳುತ್ತಿದ್ದಳು.

ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಿ ಸತ್ಯಾಗ್ರಹ ನಡೆದಾಗ ಅಣ್ಣ ಅಲ್ಲಿಗೆ ಹೋಗಿದ್ದ. ಧೂಳಿನಲ್ಲಿ ಮಿಂದವನ ಹಾಗೆ ಬಂದ. ಅಷ್ಟು ಜನ, ಆ ಕೂಗು, ಪೊಲೀಸರು, ಎಲ್ಲವನ್ನೂ ಊಟದ ಮುಂದೆ ಹೇಳಿದ ರೀತಿಗೆ ಅಪ್ಪ ಮುದ್ದೆ ಮುರಿಯುವುದನ್ನು ಮರೆತು ಕೂತಿದ್ದರು. ಈಗಲೇ ಬರಿಯಪ್ಪ ಎಂದರು. ಅಣ್ಣ ಇಲ್ಲ ಎಂದ. ಇದು ಸಣ್ಣ ವಿಷಯವಲ್ಲ, ಒಳಗೆ ಕುದಿಯಬೇಕು, ತಾನಾಗಿ ಉಕ್ಕಬೇಕು. ತಿಂಗಳೊಪ್ಪತ್ತಿನಲ್ಲಿ ಸಂತೆಯಲ್ಲಿ ಲಾವಣಿಯವರು ಅದನ್ನು ಹಾಡಿಕೊಂಡು ಬಂದರು. ಅಣ್ಣ ನಿಂತು ಕೇಳಿ, ಪ್ರಾಸ ಸರಿಯಿಲ್ಲ ಎಂದು ಹೇಳಿ ಮನೆಗೆ ಬಂದ.

ಇನ್ನೊಂದು ವರ್ಷ, ಮುತ್ತತ್ತಿಯಲ್ಲಿ ಕಾವೇರಿಯ ದಂಡೆಗೆ ಹೋದರೆ ಬರುತ್ತದೆ ಎಂದ. ಅಜ್ಜಿಗೂ ಅಲ್ಲಿನ ಆಂಜನೇಯನ ಹರಕೆಯೊಂದು ಬಾಕಿಯಿತ್ತು. ಗಾಡಿ ಕಟ್ಟಿಕೊಂಡು ಮಳವಳ್ಳಿಯ ಮೇಲೆ ಹೋದೆವು. ಅಣ್ಣ ನದಿಯ ನಡುವಿನ ಬಂಡೆಯೊಂದನ್ನು ಆರಿಸಿ, ಹಾಳೆಯ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಒಂದು ಸಾಲು ಬರೆದದ್ದನ್ನು ನಾನೇ ದಡದಿಂದ ನೋಡಿದೆ. ಅಷ್ಟರಲ್ಲಿ ಒಂದು ಕೋತಿ ಬಂದು ಬಾಳೆಹಣ್ಣಿನ ಚಿಪ್ಪಿನ ಜೊತೆಗೆ ಆ ಹಾಳೆಯನ್ನೂ ಎತ್ತಿಕೊಂಡು ಮರ ಹತ್ತಿತು. ಏನು ಬರೆದಿದ್ದನೋ ಅವನಿಗೇ ಮತ್ತೆ ನೆನಪಾಗಲಿಲ್ಲ. "ಅದಾದ್ರೂ ಮುಂದುಕ್ಕೆ ಬರೀತದೇನೋ ನೋಡಾನ ಬುಡ್ಲಾ" ಎಂದು ಅಜ್ಜಿ ಸಮಾಧಾನ ಹೇಳಿದಳು.

ನಗುವುದು ಇಷ್ಟು ಸಾಕು.

ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಎಲ್ಲ ಹಸಿರಾಯಿತು. ರಾಗಿ ಹೊಲಗಳಲ್ಲಿ ಬತ್ತ ನಿಂತಿತು, ಕಬ್ಬು ನಿಂತಿತು. ಗದ್ದೆ ಬದುವಿನ ಹೊಂಡಗಳಲ್ಲಿ ನೀರೂ ನಿಂತಿತು. ಆ ನೀರಿನಿಂದ ಸೊಳ್ಳೆ ಎದ್ದು ಚಳಿಜ್ವರ ಬಂತು. ಜನ ತಟ್ಟೆ ತುಂಬ ಅನ್ನ ಉಣ್ಣುವ ಕಾಲಕ್ಕೆ ಸರಿಯಾಗಿ ಬಾಯಿ ಕಹಿಯಾಯಿತು. ಕೆಲವು ಮನೆಗಳಲ್ಲಿ ಒಲೆ ಹಚ್ಚಲು ಎದ್ದು ನಿಲ್ಲುವವರು ಇರಲಿಲ್ಲ.

ಆ ಜ್ವರಕ್ಕೆ ಒಂದು ಗುಣವಿತ್ತು. ದಿನ ಬಿಟ್ಟು ದಿನ, ಬಿಡದೆ, ಅದೇ ಹೊತ್ತಿಗೆ ಬರುತ್ತಿತ್ತು. ಮೊದಲು ಹಲ್ಲು ಕಟಗುಟ್ಟುವ ಚಳಿ, ಆಮೇಲೆ ಕೆಂಡದಂಥ ಕಾವು, ಆಮೇಲೆ ಬೆವರು. ಬೆವರು ಬಂದ ಮೇಲೆ ಮನುಷ್ಯ ಎದ್ದು ಕೂತು ಗಂಜಿ ಕೇಳುತ್ತಿದ್ದ. ಮಾರನೆಯ ದಿನ ಏನೂ ಇಲ್ಲ. ಇದಕ್ಕೆ ನಮ್ಮವರು ಪಾಳಿ ಎನ್ನುತ್ತಿದ್ದರು, ನಾಲೆ ನೀರಿನ ಪಾಳಿಯ ಹಾಗೆ. ಇಡೀ ಊರಿನ ಬದುಕು ಈ ಪಾಳಿಯ ಮೇಲೆ ನಿಂತಿತು. ನಾಳೆ ನನ್ನ ಜ್ವರ, ನಾಡಿದ್ದು ಬಾರಪ್ಪ ಎಂದು ಕ್ಷೌರದವನು ಹೇಳಿ ಕಳಿಸುತ್ತಿದ್ದ. ಬೇರೆ ಬೇರೆ ಪಾಳಿಯ ಇಬ್ಬರು ಸೇರಿ ಒಂದು ಜೊತೆ ಎತ್ತು ಇಟ್ಟುಕೊಂಡರೆ ಉಳುಮೆ ನಿಲ್ಲುತ್ತಿರಲಿಲ್ಲ. ಹೆಣ್ಣು ನೋಡಲು ಬರುವವರು ಜಾತಕ ಕೇಳುವ ಮುಂಚೆ ಹುಡುಗಿಯ ಪಾಳಿ ಕೇಳಿ ದಿನ ಗೊತ್ತು ಮಾಡುತ್ತಿದ್ದರು.

ಮಂಡ್ಯದ ಆಸ್ಪತ್ರೆಯಲ್ಲಿ ರಹೀಮ್ ಸಾಬರು ಎಂಬ ಕಂಪೌಂಡರಿದ್ದರು. ಸೀಸೆಗೆ ಕಚ್ಚಿನ ಕಾಗದ ಅಂಟಿಸಿದವರು ಅವರೇ. ಕ್ವಿನೈನ್ ಮಿಕ್ಸ್ಚರ್ ಕೊಡುವಾಗ ಅಪ್ಪನಿಗೆ ಒಂದು ಮಾತು ಹೇಳಿದ್ದರು. "ಪಾಳಿ ಮೇಲೆ ಬರೋ ಜ್ವರ ಮಾತು ಕೇಳೋ ಜ್ವರ ಕಣಪ್ಪ, ನಾಕು ದಿನ ತಡ್ಕಬೋದು. ಪಾಳಿ ತಪ್ಪಿ ಬಂತು ಅಂದ್ರೆ ಮಾತ್ರ ಅವತ್ತೇ ಗಾಡಿ ಕಟ್ಟು. ಮಾರ್ನೆ ದಿನ ತಂದ್ರೆ ನನ್ ಕೈಲಿ ಆಗಾಕಿಲ್ಲ." ಅಪ್ಪ ಬಂದು ಅದನ್ನು ನಮಗೆಲ್ಲ ಹೇಳಿದರು.

ನಮ್ಮ ಮನೆಯಲ್ಲಿ ಜ್ವರ ಎಲ್ಲರಿಗೂ ಬಂದು ಹೋಗಿ, ಕೊನೆಗೆ ಅಣ್ಣ ಮತ್ತು ಅಜ್ಜಿಯಲ್ಲಿ ನಿಂತುಕೊಂಡಿತು. ಇವತ್ತು ಅವನಿಗೆ, ನಾಳೆ ಅವಳಿಗೆ. ಹೊದೆಯಲು ಇದ್ದದ್ದು ಒಂದೇ ಕರಿ ಕಂಬಳಿ. ಪಾಳಿ ಬೇರೆಯಾದದ್ದರಿಂದ ಅದೇ ಸಾಕಾಗುತ್ತಿತ್ತು. ಲೆಕ್ಕ ಇಡುವುದು ಅಜ್ಜಿಯ ಕೆಲಸ. ಓದು ಬರಹ ಬಾರದ ಅವಳು ಅಮಾವಾಸ್ಯೆ, ಏಕಾದಶಿ, ಎಮ್ಮೆ ಗಬ್ಬದ ತಿಂಗಳು ಯಾವುದನ್ನೂ ತಪ್ಪಿದವಳಲ್ಲ. ಇವತ್ತು ಯಾರದು ಎಂದು ಅವಳು ಹೇಳಿದರೆ ಮುಗಿಯಿತು, ಮನೆಯಲ್ಲಿ ಇನ್ಯಾರೂ ಎಣಿಸುತ್ತಿರಲಿಲ್ಲ.

ಅಣ್ಣ ಬರೆಯಲು ಶುರು ಮಾಡಿದ್ದು ಕಾಳಯ್ಯ ಸತ್ತ ಮೇಲೆ. ಕಾಳಯ್ಯ ನಮ್ಮ ಕೇರಿಯ ಮೊದಲ ಮನೆಯ ಕುರುಬ. ಅವನು ಕುರಿ ಕರೆಯಲು ನಾಲಿಗೆ ಮಡಿಸಿ ಒಂದು ಸದ್ದು ಮಾಡುತ್ತಿದ್ದ. ಕರಿ ಕುರಿಗೆ ಒಂದು ಸದ್ದು, ಕುಂಟ ಮರಿಗೆ ಬೇರೆ. ಅವನು ಜ್ವರದಲ್ಲಿ ಹೋದ. ಸ್ವಲ್ಪ ದಿನಕ್ಕೆ ಅವನ ಮಗ ಜಗಲಿಗೆ ಬಂದು, ನಮ್ಮಪ್ಪ ಕುಂಟ ಮರಿಯನ್ನು ಹೇಗೆ ಕರೆಯುತ್ತಿದ್ದ, ನಿನಗೇನಾದರೂ ನೆನಪಿದೆಯಾ, ಅದು ನನ್ನ ದನಿಗೆ ಬರುವುದಿಲ್ಲ ಎಂದು ಅಣ್ಣನನ್ನು ಕೇಳಿದ. ಅಣ್ಣ ಮಾಡಿ ನೋಡಿದ. ನಾನೂ ಮಾಡಿದೆ. ಬರಲಿಲ್ಲ. ಹುಡುಗ ಹೋದ ಮೇಲೆ ಅಣ್ಣ ನನ್ನ ಕಡೆ ತಿರುಗಿ, "ಜ್ವರ ನನ್ನ ಮನಸು ಕೇಳ್ಕೊಂಡು ಬತ್ತಾ ಇಲ್ವಲ್ಲ ಕೆಂಪಿ, ಹೊತ್ತಿಗೆ ಬತ್ತದೆ. ನಾನೂ ಇನ್ಮೇಲೆ ಹೊತ್ತಿಗೆ ಕೂತ್ಕತೀನಿ" ಎಂದ.

ಹೊತ್ತು ಗೊತ್ತಾಗಲು ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಣ್ಣನ ಬಿಡುವಿನ ದಿನವೆಂದರೆ ಅಜ್ಜಿಯ ಚಳಿಯ ದಿನ. ಅಜ್ಜಿ ಕಂಬಳಿ ಎಳೆದುಕೊಂಡರೆ ಅಣ್ಣ ಬರೆಯಲು ಕೂರಬೇಕು, ಅವಳಿಗೆ ಬೆವರು ಬಂದರೆ ಏಳಬೇಕು. ಹೀಗೆಂದು ಅವನೇ ಕಟ್ಟು ಮಾಡಿಕೊಂಡ. ಯುದ್ಧದ ಕಾಲ, ಮಸಿಯೂ ಇಲ್ಲ ಹಾಳೆಯೂ ಇಲ್ಲ. ಸಂತೆಯಲ್ಲಿ ಸಿಕ್ಕಿದ ಮಸಿಪುಡಿ ಕಲಸಿ ಕ್ವಿನೈನಿನ ಖಾಲಿ ಸೀಸೆಗೆ ತುಂಬಿದ. ಫೌಂಟನ್ ಪೆನ್ನಿಗೆ ಆ ಗಸಿ ಕಟ್ಟಿಕೊಂಡು ಅದು ಕೆಟ್ಟಿತು, ಕಡ್ಡಿಗೆ ನಿಬ್ಬು ಸಿಕ್ಕಿಸಿಕೊಂಡ. ಮಂಡ್ಯದಲ್ಲಿ ಹಂಚಿದ ನಾಟಕದ ಕರಪತ್ರಗಳ ಖಾಲಿ ಮಗ್ಗುಲೇ ಹಾಳೆಯಾಯಿತು.

ಮೊದಲ ದಿನ ಅಜ್ಜಿ ಕಂಬಳಿ ಎಳೆದುಕೊಂಡಳು. ಅಣ್ಣ ಕೂತ. ಅವಳ ಚಳಿ ಮುಗಿದು ಕಾವು ಏರಿತು. ಅವನ ನಿಬ್ಬು ಒಣಗಿತು. ಕಂಬಳಿಯೊಳಗಿಂದ ಏನು ಬರೆದೆ ಎಂದು ಕೇಳಿದಳು. ಬರೆಯಲು ಏನೂ ಇಲ್ಲ ಎಂದ.

"ನಾನು ಇಲ್ಲಿ ಸಾಯ್ತಾ ಬಿದ್ದಿವ್ನಿ, ಏನೂ ಇಲ್ವೇನ್ಲಾ? ಇವತ್ತು ಅಜ್ಜಿಗೆ ಚಳಿ ಅಂತನಾದ್ರೂ ಬರಿ."

ಸಿಟ್ಟಿನಿಂದಲೇ ಬರೆದ. ಇವತ್ತು ಅಜ್ಜಿಗೆ ಚಳಿ. ಬರೆದ ಮೇಲೆ ಕೈ ಸುಮ್ಮನಿರಲಿಲ್ಲ. ಕಾಳಯ್ಯನಿಗೂ ಹೀಗೇ ಚಳಿ ಬಂದಿತ್ತು ಎಂದು ಎರಡನೆಯ ಸಾಲು ಬಿತ್ತು. ಕಾಳಯ್ಯನ ಕಂಬಳಿ, ಕಂಬಳಿಯ ಕುರಿ, ಕುರಿ ಕರೆಯುವ ಸದ್ದು. ಸದ್ದನ್ನು ಅಕ್ಷರದಲ್ಲಿ ಹಿಡಿಯಲು ಅವನಿಂದ ಆಗಲಿಲ್ಲ, ಆಗಲಿಲ್ಲ ಎಂದೇ ಬರೆದ. ಕರಪತ್ರ ತುಂಬಿತು. ಅಂದಿನಿಂದ ಅವನ ಪ್ರತಿ ಪುಟವೂ ಆ ಸಾಲಿನಿಂದಲೇ ಶುರುವಾಗುತ್ತಿತ್ತು. ಮೊದಲ ಸಾಲಿಗಾಗಿ ಕಾಯುವ ಕೆಲಸ ಅಲ್ಲಿಗೆ ತಪ್ಪಿತು.

ಕೇರಿಯ ತಲೆಯಿಂದ ನಾಲೆಯ ಕಡೆಗೆ ಮನೆಯಿಂದ ಮನೆಗೆ ಬರೆಯುತ್ತಾ ಬಂದ. ಒಂದು ಬಿಡುವಿನ ದಿನಕ್ಕೆ ಒಂದು ಮನೆ. ಸತ್ತವರು, ಇದ್ದವರು, ಊರು ಬಿಟ್ಟವರು. ನಮ್ಮದು ಕೊನೆಯ ಮನೆ. ಅಲ್ಲಿಗೆ ಬಂದಾಗ ಅವ್ವನ ಬಗ್ಗೆ ಬರೆಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ನಾನು ಮನೆಗಳನ್ನು ನೋಡುತ್ತಾ ಕಾಯುತ್ತಿದ್ದೆ. ಬರಬರುತ್ತಾ ಜ್ವರ, ಕ್ವಿನೈನು ಎರಡೂ ಸೇರಿ ಅವನ ಕೈ ನಡುಗತೊಡಗಿತು, ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ಅವನು ಗೋಡೆಗೆ ಒರಗಿ ಹೇಳುವುದು, ನಾನು ಬರೆಯುವುದು ಎಂದಾಯಿತು. ನನ್ನ ಅಕ್ಷರ ಗಾಡಿಯ ಹಿಂದೆ ಕಟ್ಟಿದ ಕರುವಿನಂತೆ ಎಳೆದಾಡಿಕೊಂಡು ಬರುತ್ತಿತ್ತು. ಬೈಯುತ್ತಿರಲಿಲ್ಲ. ಇವತ್ತಿನ ಡೋಸು ಆಯಿತಾ ಎಂದಷ್ಟೇ ಕೇಳುತ್ತಿದ್ದ.

ಅವನ ಪುಟಗಳೆಲ್ಲ ಚೆನ್ನಾಗಿದ್ದವು ಎಂದರೆ ಸುಳ್ಳಾದೀತು. ಎಷ್ಟೋ ಪುಟ ಸಪ್ಪೆ. ನನಗೇ ಹಾಗನ್ನಿಸಿ ಒಂದು ದಿನ ಹೇಳಿದೆ. ಕ್ವಿನೈನನ್ನು ಯಾರೂ ರುಚಿಗೆ ಕುಡಿಯುವುದಿಲ್ಲ ಎಂದ. ಮೈಸೂರಿನ ಪೆನ್ನಿನ ಅಣ್ಣ ಹೀಗೆ ಮಾತಾಡುವವನಾಗಿರಲಿಲ್ಲ. ಅಜ್ಜಿ ಕಂಬಳಿಯೊಳಗಿಂದಲೇ ತಿದ್ದುತ್ತಿದ್ದಳು. ಅವನು ಅಂಗಿರಲಿಲ್ಲ, ಜಿಪುಣ, ನಿಂಗೊತ್ತಿಲ್ಲ ಸುಮ್ಕಿರು ಎಂದು ಹಲ್ಲು ಕಟಗುಟ್ಟಿಸುತ್ತಾ ಹೇಳುವಳು. ಅವಳಿಗೆ ಜ್ವರ ವಾಸಿಯಾದರೆ ಅಣ್ಣನ ಪುಸ್ತಕ ನಿಂತುಹೋಗುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಕೇರಿಯವರಿಗೂ ವಿಷಯ ತಿಳಿಯಿತು. ಒಬ್ಬ ತನ್ನ ಎತ್ತಿನ ಹೆಸರು ಸೇರಿಸು ಎಂದು ಬಂದ. ನಾಲೆ ಕಡೆಯ ಮನೆಯ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಅವಳ ಮಗು ಜ್ವರದಲ್ಲಿ ಹೋಗಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ. ಅದರದ್ದು ಬರೆಯುತ್ತೀಯೇನಪ್ಪ ಎಂದಳು. ಅದು ಏನು ಮಾಡುತ್ತಿತ್ತು ಎಂದು ಅಣ್ಣ ಕೇಳಿದ. ಯೋಚಿಸಿ, ದೀಪ ಹಚ್ಚಿದರೆ ಆ ಕಡೆ ತಿರುಗುತ್ತಿತ್ತು ಎಂದಳು. ಅಷ್ಟನ್ನೇ ಬರೆಸಿದ. ಅವಳ ಮನೆಗೆ ಅದೊಂದು ಸಾಲು. ಉಳಿದ ಹಾಳೆ ಖಾಲಿ ಬಿಡು ಎಂದ. ಹಾಳೆಗೆ ಅಷ್ಟು ಬರಗಾಲವಿದ್ದರೂ ಬಿಟ್ಟೆ.

ಜಪಾನಿನವರು ಜಾವಾ ಹಿಡಿದರು ಎಂದು ಕೇಳಿದಾಗ ನಮಗೆ ಏನೂ ಅನ್ನಿಸಿರಲಿಲ್ಲ. ಕ್ವಿನೈನ್ ಬರುತ್ತಿದ್ದದ್ದು ಅಲ್ಲಿಂದ ಎಂದು ಆಮೇಲೆ ಗೊತ್ತಾಯಿತು. ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಅಪ್ಪ ಮಂಡ್ಯಕ್ಕೆ ಹೋಗಿ ಬರಿಗೈಯಲ್ಲಿ ಬಂದರು. ಪಾಳಿ ಜ್ವರಕ್ಕೆ ಕೊಡಲು ಏನೂ ಉಳಿದಿಲ್ಲ, ಪಾಳಿ ತಪ್ಪಿದವರಿಗೆಂದು ಒಂದಿಷ್ಟು ಎತ್ತಿಟ್ಟಿದ್ದೇನೆ, ಹಾಗೇನಾದರೂ ಆದರೆ ತಡ ಮಾಡಬೇಡ ಎಂದು ರಹೀಮ್ ಸಾಬರು ಮತ್ತೆ ಹೇಳಿ ಕಳಿಸಿದ್ದರು. ಅಜ್ಜಿ ನೆಲಬೇವಿನ ಕಷಾಯ ಕಾಸಿದಳು. ಅಣ್ಣ ಸೊರಗಿ ಮೂಳೆಯಾದ. ಬಿಡುವಿನ ದಿನ ಮಾತ್ರ ತಪ್ಪಿಸಲಿಲ್ಲ. ಗೋಡೆಗೆ ಒರಗಿ ಡೋಸು ಮುಗಿಸಿಯೇ ಮಲಗುತ್ತಿದ್ದ.

ಹೀಗೆ ಕೇರಿ ಮುಗಿಯುತ್ತಾ ಬಂದು, ನಾಡಿದ್ದು ನಮ್ಮನೆ ಎಂದ. ಮಾರನೆಯ ದಿನ ಅಣ್ಣನ ಪಾಳಿಯಿದ್ದರೂ ಚಳಿ ಬರಲಿಲ್ಲ, ಕಷಾಯ ಹಿಡಿಯಿತು ಎಂದುಕೊಂಡೆವು.

ನಮ್ಮನೆಯ ದಿನ ಅಜ್ಜಿ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಯಾರೋ ಫೋಟೋ ತೆಗೆಯಲು ಬರುತ್ತಾರೆ ಎಂಬ ಹಾಗೆ. ಅವ್ವನ ವಿಷಯ ಮೊದಲು ಬರಲಿ, ನನ್ನದು ಕೊನೆಗಿರಲಿ ಎಂದಳು. ಹೊತ್ತಿಗೆ ಸರಿಯಾಗಿ ಚಳಿ ಬಂತು, ಕಂಬಳಿ ಎಳೆದುಕೊಂಡಳು. ನಾನು ಹಾಳೆ, ಸೀಸೆ ಇಟ್ಟುಕೊಂಡು ಕೂತೆ. ಅಣ್ಣ ಎಂದಿನಂತೆ, ಇವತ್ತು ಅಜ್ಜಿಗೆ ಚಳಿ ಎಂದ. ಬರೆದೆ. ನಮ್ಮದು ಕೇರಿಯ ಕೊನೆಯ ಮನೆ ಎಂದ. ಬರೆದೆ. ನಮ್ಮವ್ವ ಎಂದ. ಅದನ್ನೂ ಬರೆದು ಕಾದೆ. ಮುಂದಿನ ಮಾತು ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವನ ದವಡೆ ಅದುರುತ್ತಿತ್ತು. ಎರಡು ಕೈಯಿಂದಲೂ ತನ್ನ ಮೊಣಕಾಲು ಹಿಡಿದುಕೊಂಡಿದ್ದ. ಹಿಡಿದ ಕೈಯೂ ಅದುರುತ್ತಿತ್ತು.

ಅಜ್ಜಿ ಅವನನ್ನು ನೋಡಿದಳು. ಕಂಬಳಿ ಕಿತ್ತು ಅವನ ಮೇಲೆ ಹಾಕಿ ಎದ್ದು ನಿಂತಳು.

"ಒದ್ಕೊಳ್ಳಲಾ. ನಾನೇ ಲೆಕ್ಕ ತಪ್ಪಿದ್ದೆ. ಇವತ್ತು ನಿಂದೇ ಪಾಳಿ. ನಂಗೇನಾಗಿಲ್ಲ, ಸುಮ್ಕೆ ಮೈ ಜಡ."

ಹೇಳಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಏನೋ ಬೆಳಗುತ್ತಿದ್ದಾಳೆ ಎಂದುಕೊಂಡೆ. ಗದ್ದೆಯಿಂದ ಬಂದ ಅಪ್ಪ ಕಂಬಳಿಯ ಒಳಗೆ ಅ‍ಣ್ಣನನ್ನು ಕಂಡು ಬಾಗಿಲಲ್ಲೇ ನಿಂತರು. ಅಜ್ಜಿಯ ಲೆಕ್ಕ ತಪ್ಪಿತ್ತಂತೆ ಎಂದೆ. ಅವರ ಮುಖ ಸಡಿಲವಾಯಿತು. ಪಾಳಿಯ ಜ್ವರವಾದರೆ ಸಂಜೆಗೆ ಬೆವರು ಬಂದು ಬಿಡುತ್ತದೆ. ನೀರು ಕುಡಿದು ಮತ್ತೆ ಗದ್ದೆಗೆ ಹೋದರು.

ಸಂಜೆಗೆ ಬೆವರು ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅಣ್ಣ ನಮ್ಮನ್ನು ಗುರುತಿಸುತ್ತಿರಲಿಲ್ಲ. ಕಾಳಯ್ಯನ ಕುರಿ ಗದ್ದೆಗೆ ನುಗ್ಗಿವೆ, ಕರೆಯಿರಿ ಎನ್ನುತ್ತಿದ್ದ. ಅಪ್ಪ ಗಾಡಿ ಕಟ್ಟಿ ಮಂಡ್ಯಕ್ಕೆ ಒಯ್ದರು. ರಹೀಮ್ ಸಾಬರು ಎತ್ತಿಟ್ಟಿದ್ದ ಮದ್ದನ್ನು ತಂದರಂತೆ. ಅವನಿಗೆ ನುಂಗಲು ಆಗಲಿಲ್ಲ. ಪಾಳಿ ತಪ್ಪಿದ್ದು ಯಾವತ್ತು ಎಂದು ಅವರು ಕೇಳಿದರೆ, ತಪ್ಪಿಯೇ ಇಲ್ಲ, ಲೆಕ್ಕದಲ್ಲಿ ಒಂದು ದಿನ ಹೆಚ್ಚುಕಮ್ಮಿಯಾಗಿತ್ತು ಎಂದು ಅಪ್ಪ ಹೇಳಿದರಂತೆ. ಹೊತ್ತು ಇಳಿಯುವ ಮುಂಚೆ ಗಾಡಿ ವಾಪಸು ಬಂತು. ಅದು ನಿಧಾನವಾಗಿ ಬರುತ್ತಿದ್ದ ರೀತಿಯಲ್ಲೇ ನಮಗೆ ತಿಳಿಯಿತು.

ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಕಂಬಳಿಯೂ ಅವನ ಜೊತೆಯಲ್ಲೇ ಹೋಯಿತು. ನಾನು ಹಾಳೆ, ಸೀಸೆ ಎರಡನ್ನೂ ಎತ್ತಿ ಅಟ್ಟದ ಮೇಲೆ ಹಾಕಿದೆ. ಅಣ್ಣನೇ ಇಲ್ಲದ ಮೇಲೆ ಅವ್ವನ ಮುಖ ಇನ್ನು ನನಗೆ ಸಿಗುವುದಿಲ್ಲ ಎಂದು ಗೊತ್ತಾಗಿ, ಯಾರಿಗಾಗಿ ಅಳುತ್ತಿದ್ದೇನೆ ಎಂದೇ ತಿಳಿಯದೆ ಅತ್ತೆ.

ಗಂಡಸರು ಅಣ್ಣನ ಮಣ್ಣಿನ ಗುಡ್ಡೆಗೆ ಹಾಲುತುಪ್ಪ ಬಿಟ್ಟು ಬಂದ ದಿನ. ನೆಂಟರು ಜಗಲಿಯ ಮೇಲಿದ್ದರು. ಬಿಸಿಲು ಏರುತ್ತಿತ್ತು. ಅಜ್ಜಿ ಒಳಗೆ ಬಂದು ಮೂಲೆಯಲ್ಲಿ ಕೂತು ಕೈಚಾಚಿದಳು. ಕಂಬಳಿ ಇರುತ್ತಿದ್ದ ಗೂಟಕ್ಕೆ. ಅಲ್ಲಿ ಅದು ಇರಲಿಲ್ಲ. ನಾನು ಓಡಿ ಎರಡು ಗೋಣಿತಾಟು ತಂದು ಹೊದಿಸಿದೆ. ಗೋಣಿಯ ಕೆಳಗೆ ಅವಳು ಅದುರುತ್ತಿದ್ದಳು. ಪಕ್ಕದಲ್ಲಿದ್ದ ಚೆಂಬು ಅವಳ ಕಾಲಿಗೆ ತಾಗಿ ಕಟಕಟ ಎಂದು ಸದ್ದು ಮಾಡಿತು. ಆ ದಿನ ಅಡಿಗೆಮನೆಯಿಂದ ಬಂದ ಸದ್ದು ಅದೇ.

ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

"ಇವತ್ತು ನಂದು ಕಣವ್ವ. ಅವತ್ತೂ ನಂದೇ. ನಾನು ಯಾವತ್ತೂ ಲೆಕ್ಕ ತಪ್ಪಿಲ್ಲ."

ಇದ್ದದ್ದು ಒಂದು ಕಂಬಳಿ. ಅದನ್ನು ಅವನು ಬೇಡ ಎನ್ನದೆ ಹೊದೆಯಬೇಕಾಗಿತ್ತು, ಹೆದರದೆ ಹೊದೆಯಬೇಕಾಗಿತ್ತು. ಅದಕ್ಕಿಂತ ಮುಂದಕ್ಕೆ ಆ ಗಳಿಗೆಯಲ್ಲಿ ಅವಳಿಗೆ ಕಂಡಿರಲಾರದು. ಅಪ್ಪನಿಗೆ ಇದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗೋಣಿಯೊಳಗಿಂದ ಕೈ ಬಂದು ನನ್ನ ಸೆರಗು ಹಿಡಿಯಿತು.

"ಸೀಸೆ ಎಲ್ಲದೆ?"

"ಅಟ್ಟದ ಮ್ಯಾಲೆ."

"ತಕಬಾ. ಅವನ ದಿನ ಇದು. ಕೂತ್ಕೊ."

"ನಂಗೇನೂ ಬರಾಕಿಲ್ಲ ಕಣಜ್ಜಿ. ಏನ ಬರೀಲಿ?"

"ಅವ ಸುರು ಮಾಡ್ತಿದ್ನಲ್ಲ, ಅದ ಬರಿ. ಆಮೇಕೆ ನಿಮ್ಮವ್ವಂದು ನಾ ಯೋಳ್ತೀನಿ."

ಇಳಿಸಿ ತಂದೆ. ಮಸಿ ತಳದಲ್ಲಿ ಗಟ್ಟಿಯಾಗಿತ್ತು. ಚೆಂಬಿನಿಂದ ನಾಲ್ಕು ತೊಟ್ಟು ನೀರು ಬಿಟ್ಟು ಅಲುಗಿಸಿದೆ. ಅಣ್ಣ ಬರೆಸಿದ್ದ ಹಾಳೆಯಲ್ಲಿ ನಮ್ಮವ್ವ ಎಂಬಲ್ಲಿಗೆ ಸಾಲು ನಿಂತಿತ್ತು. ಅದನ್ನು ಮುಂದುವರಿಸಲು ಕೈ ಬರಲಿಲ್ಲ. ಇನ್ನೊಂದು ಕರಪತ್ರ ತೆಗೆದು ತಿರುಗಿಸಿ ಇಟ್ಟುಕೊಂಡು, ಅಜ್ಜಿಯ ಹಲ್ಲಿನ ಸದ್ದು ಕೇಳುತ್ತಾ, ಇವತ್ತು ಅಜ್ಜಿಗೆ ಚಳಿ ಎಂದು ಬರೆದೆ.